ತಿಂದು ಮುಗಿಸಿದ ಇತಿಹಾಸ

ವೆಂಡೆಲ್ ಕ್ಲಿಂಗರ್ ಆಲೂಗಡ್ಡೆ ಚಿಪ್ಸಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು. ಕರಿದ ಚಿಪ್ಸು ಹೊಳೆಯ ಹಾಗೆ ಹರಿದು ಬರುವಾಗ ದಂಡೆಯಲ್ಲಿ ನಿಂತು ಕರಕಲಾದವನ್ನು ಆರಿಸಿ ಎಸೆಯುವುದು ಅವನ ಕೆಲಸ. "ಕೆಲಸಕ್ಕೆ ಬಾರದ್ದನ್ನ ಗುರುತು ಹಿಡಿಯೋಕೆ ಅಂಥವನೇ ಬೇಕಲ್ಲ, ಅದಕ್ಕೇ ನನ್ನನ್ನ ಇಟ್ಕೊಂಡಿದ್ದಾರೆ" ಎಂದು ಅವನು ತನ್ನನ್ನೇ ಹಂಗಿಸಿಕೊಳ್ಳುತ್ತಿದ್ದ. ಅಂಥವನು ಹೋದ ಆಗಸ್ಟಿನಿಂದ ಬೆಳಗಿನ ಹೊತ್ತು ಮೇಷ್ಟ್ರೂ ಆಗಿದ್ದ. ಅಡುಗೆಮನೆಯೇ ಶಾಲೆ. ವಿದ್ಯಾರ್ಥಿಗಳು ಇಬ್ಬರು: ಎಂಟು ವರ್ಷದ ಹ್ಯಾಟಿ, ಐದು ವರ್ಷದ ಓರೆನ್. ಇಬ್ಬರೂ ಅವನ ಮಕ್ಕಳೇ ಆದ್ದರಿಂದ ಮೇಷ್ಟ್ರ ಮೇಲೆ ಗೌರವ ಅಷ್ಟಕ್ಕಷ್ಟೆ.

ಇದೆಲ್ಲ ಶುರುವಾದದ್ದು ಹ್ಯಾಟಿಯಿಂದ. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವ ಹುಡುಗಿ, ಹೊಸಿಲು ದಾಟಿದರೆ ತುಟಿ ಹೊಲಿದುಕೊಂಡವಳ ಹಾಗೆ ಇದ್ದುಬಿಡುತ್ತಿದ್ದಳು. ಎರಡು ವರ್ಷ ಶಾಲೆಗೆ ಹೋದಳು. ಎರಡು ವರ್ಷವೂ ಒಂದು ಮಾತೂ ಆಡಲಿಲ್ಲ. ಬಾತ್‌ರೂಮಿಗೆ ಹೋಗಬೇಕು ಎಂದು ಕೇಳಲಾರದೆ ಒಂದು ದಿನ ಒದ್ದೆ ಲಂಗದಲ್ಲಿ ಮನೆಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ಟ್ರೂಡಿ ಅವತ್ತೇ ಹೇಳಿದಳು: "ಒಂದು ವರ್ಷ ಮನೇಲೇ ಕಲಿಸೋಣ. ಹಗಲು ನಾನಿರಲ್ಲ. ನೀನೇ ಕಲಿಸಬೇಕು."

"ನಾನಾ? ನನಗೇ ಯಾರಾದ್ರೂ ಕಲಿಸಬೇಕು!"

"ಹಾಗಾದ್ರೆ ಮೂರು ಜನಾನೂ ಕಲೀರಿ."

ಪೆನ್ಸಿಲ್ವೇನಿಯಾದಲ್ಲಿ ಮನೆಪಾಠಕ್ಕೆ ಒಂದು ಕಟ್ಟಳೆ ಇದೆ. ವರ್ಷದ ಕೊನೆಗೆ ಒಬ್ಬ ಟೀಚರು ಬಂದು, ಮಗು ಮಾಡಿದ ಕೆಲಸದ ಫೈಲು ನೋಡಿ, ಮಗುವಿನ ಜೊತೆ ಮಾತಾಡಿ, ಕಲಿಕೆ ಸರಿಯಾಗಿ ನಡೆದಿದೆ ಎಂದು ಪತ್ರ ಬರೆದುಕೊಡಬೇಕು. ಪತ್ರ ಸಿಗದಿದ್ದರೆ ಹ್ಯಾಟಿ ಮತ್ತೆ ಶಾಲೆಯ ಹಳದಿ ಬಸ್ಸು ಹತ್ತಬೇಕು ಎಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು.

ಲೆಕ್ಕ, ಓದು ಹೇಗೋ ಪುಸ್ತಕದ ಮೇಲೆ ಸಾಗಿದವು. ಇತಿಹಾಸದ ಪುಸ್ತಕ ತೆರೆದರೆ ಮಾತ್ರ ಮಕ್ಕಳಿಗಿಂತ ಮೊದಲು ಮೇಷ್ಟ್ರಿಗೆ ನಿದ್ದೆ ಬರುತ್ತಿತ್ತು. ಅದಕ್ಕೇ ಅವನು ಇತಿಹಾಸವನ್ನು ಕೈಯಲ್ಲಿ ಮಾಡಿ ಕಲಿಸುವ ದಾರಿ ಹಿಡಿದ. ಬಾಸ್ಟನ್ ಬಂದರಿನಲ್ಲಿ ಬ್ರಿಟಿಷರ ಚಹಾವನ್ನು ನೀರಿಗೆಸೆದ ಕತೆಯನ್ನು ಬಚ್ಚಲಿನ ತೊಟ್ಟಿಯಲ್ಲಿ ಆಡಿದರು. ಹನ್ನೆರಡು ತಾಸು ದುಡಿದು ಬಂದ ಟ್ರೂಡಿ ಸ್ನಾನಕ್ಕೆಂದು ಬಾಗಿಲು ತೆರೆದು, ಕಂದು ನೀರು ನೋಡಿ, ಹಾಗೇ ಬಾಗಿಲು ಮುಚ್ಚಿದಳು. ಪ್ರೆಟ್ಜೆಲ್ ಎಂಬ ಉಪ್ಪಿನ ಕುರುಕಲು ಕಡ್ಡಿಗಳಿಂದ ಹಳೆಯ ಕಾಲದ ದಿಮ್ಮಿಮನೆ ಕಟ್ಟಿದರು. ಬಾಟಲಿಯಲ್ಲಿ ಕೆನೆ ಕುಲುಕಿ ಬೆಣ್ಣೆ ತೆಗೆದರು, ಕರಗಿದ ಮೇಣದಲ್ಲಿ ದಾರ ಅದ್ದಿ ಮೇಣದಬತ್ತಿ ಮಾಡಿದರು. ಮೇಜಿನ ಮೇಲೆ ಹಿಟ್ಟು ಹರಡಿ, ಬೆರಳಿನಿಂದ ತಮ್ಮೂರಿನ ಸಸ್ಕ್ವೆಹಾನಾ ನದಿ ಬರೆದರು.

ತಪ್ಪು ಅವನಿಗೆ ಗೊತ್ತಾದದ್ದು ಮೇ ತಿಂಗಳಲ್ಲಿ, ಫೈಲು ಜೋಡಿಸಲು ಕೂತಾಗ. ಮಾಡಿದ್ದೊಂದೂ ಉಳಿದಿರಲಿಲ್ಲ. ಕೆಲವನ್ನು ತಿಂದಿದ್ದರು, ಕೆಲವು ಉರಿದುಹೋಗಿದ್ದವು, ಉಳಿದದ್ದು ಮೋರಿಯಲ್ಲಿ ಹರಿದುಹೋಗಿತ್ತು. ಮಾರ್ಚಿನ ತನಕ ತೆಗೆದ ಫೋಟೋಗಳೆಲ್ಲ ಹಳೆಯ ಫೋನಿನಲ್ಲಿದ್ದವು. ಚಹಾದ ಪಾಠದ ದಿನ ಆ ಫೋನೂ ತೊಟ್ಟಿಗೆ ಬಿದ್ದಿತ್ತು. ಆಮೇಲೆ ಫೋಟೋ ತೆಗೆಯುವ ಗೋಜಿಗೇ ಅವನು ಹೋಗಿರಲಿಲ್ಲ.

ಪತ್ರ ಬರೆಯಲು ಬಂದವರು ಮಿಸೆಸ್ ಯೋಸ್ಟ್. ನಿವೃತ್ತ ಟೀಚರು. ಇಪ್ಪತ್ತೆರಡು ವರ್ಷದ ಹಿಂದೆ ನಾಲ್ಕನೇ ತರಗತಿಯಲ್ಲಿ ವೆಂಡೆಲ್‌ಗೂ ಪಾಠ ಮಾಡಿದ್ದವರು. ಊರು ಚಿಕ್ಕದಾದರೆ ಇದೊಂದು ಕಷ್ಟ.

"ಸೇತುವೆ ಮೇಲೆ ಸುಂಕ ಕೇಳ್ತಾರೆ ಅಂತ ಜನರಲ್ ವಾಷಿಂಗ್ಟನ್ ಯುದ್ಧಕ್ಕೆ ಹೋಗೋವಾಗ ದೋಣಿ ಹತ್ತಿ ನದಿ ದಾಟಿದ ಅಂತ ಬರೆದವನು ನೀನೇ ಅಲ್ವೇನೋ?" ಎಂದರು, ಒಳಗೆ ಕಾಲಿಡುತ್ತಲೇ.

"ನಾನೇ, ಮಿಸೆಸ್ ಯೋಸ್ಟ್. ಅದಕ್ಕೆ ನೀವು ಅರ್ಧ ಮಾರ್ಕು ಕೊಟ್ಟಿದ್ರಿ."

"ನಗು ಬಂತು, ಅದಕ್ಕೆ ಕೊಟ್ಟೆ. ಫೈಲು ತೆಗಿ."

ಅವರು ಕನ್ನಡಕ ಏರಿಸಿ ಲೆಕ್ಕದ ಹಾಳೆಗಳನ್ನು ನೋಡಿದರು, ಓದಿದ ಪುಸ್ತಕಗಳ ಪಟ್ಟಿ ನೋಡಿದರು, ತಲೆಯಾಡಿಸಿದರು. ಇತಿಹಾಸದ ಭಾಗ ಬಂತು. ಅಲ್ಲಿದ್ದದ್ದು ವೆಂಡೆಲ್‌ನ ದಿನಚರಿ ಮಾತ್ರ. ಅವರು ಗಟ್ಟಿಯಾಗಿ ಓದಿದರು: "ಫೆಬ್ರವರಿ ಹನ್ನೊಂದು. ದಿಮ್ಮಿಮನೆ. ಗೋಡೆ ಓರೆನ್ ತಿಂದ. ಛಾವಣಿ ನಾನು ತಿಂದೆ." ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಇದೇನು ಪಾಠದ ವರದಿನಾ, ಬಾಣಸಿಗನ ಡೈರಿನಾ?"

"ಮಾಡಿದ್ದೇನೋ ನಿಜ, ಮಿಸೆಸ್ ಯೋಸ್ಟ್. ತೋರಿಸೋಕೆ ಏನೂ ಉಳಿದಿಲ್ಲ."

"ಹೋಗಲಿ, ಮಗೂನೇ ಕೇಳೋಣ." ಅವರು ಕುರ್ಚಿ ತಿರುಗಿಸಿದರು. ಹ್ಯಾಟಿ ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನಿಂತಿದ್ದಳು. "ಹ್ಯಾಟಿ, ಈ ವರ್ಷ ಕಲಿತಿದ್ದರಲ್ಲಿ ನಿಂಗೆ ಯಾವುದು ಇಷ್ಟ ಆಯ್ತು?"

ಹ್ಯಾಟಿ ನೆಲ ನೋಡಿದಳು.

"ಬೆಣ್ಣೆ!" ಎಂದ ಓರೆನ್.

"ನಿನ್ನನ್ನಲ್ಲಪ್ಪ ಕೇಳಿದ್ದು. ಹ್ಯಾಟಿ, ನಮ್ಮ ರಾಜ್ಯದ ರಾಜಧಾನಿ ಯಾವುದು ಹೇಳು?"

"ಬೆಣ್ಣೆ!"

ಇನ್ನೆರಡು ಪ್ರಶ್ನೆಗಳಿಗೂ ಹ್ಯಾಟಿ ಬಾಯಿ ಬಿಡಲಿಲ್ಲ. ಮಿಸೆಸ್ ಯೋಸ್ಟ್ ಪೆನ್ನಿನ ಮುಚ್ಚಳ ಹಾಕಿದರು. ಟಿಕ್ ಎಂಬ ಆ ಸಣ್ಣ ಸದ್ದಿಗೆ ವೆಂಡೆಲ್ ಫೈಲನ್ನು ತನ್ನ ಕಡೆ ಎಳೆದುಕೊಂಡ.

"ನೋಡು ವೆಂಡೆಲ್," ಅವರ ದನಿ ಮೆತ್ತಗಾಗಿತ್ತು. "ಮಗು ಜೊತೆ ಮಾತಾಡಿದೆ ಅಂತ ನಾನು ಸಹಿ ಹಾಕಬೇಕು. ಮಾತೇ ಆಡದೆ ಹೇಗೆ ಹಾಕಲಿ? ನಲವತ್ತು ವರ್ಷದಲ್ಲಿ ಒಂದೂ ಸುಳ್ಳು ಸಹಿ ಹಾಕಿಲ್ಲ ನಾನು."

"ಗೊತ್ತು," ಎಂದ ಅವನು. ಗೊತ್ತಿದ್ದದ್ದೇ ಕಷ್ಟವಾಗಿತ್ತು. ಬೇರೆ ಏನು ಮಾಡಲೂ ತೋಚದೆ ಅವರ ಮುಂದೆ ಕಾಫಿ ಇಟ್ಟ. ಮೇಜಿನ ಮೇಲೆ ಮಕ್ಕಳು ಹಿಂದಿನ ದಿನ ಓವನ್ನಿನಲ್ಲಿ ಬೇಯಿಸಿದ ಚೌಕದ ಬಿಸ್ಕತ್ತುಗಳ ತಟ್ಟೆಯಿತ್ತು. ಯೋಚನೆಯಲ್ಲಿದ್ದ ಮಿಸೆಸ್ ಯೋಸ್ಟ್ ಒಂದನ್ನು ಎತ್ತಿ ಬಾಯಿಗಿಟ್ಟರು.

"ಕಚ್ಚಬೇಡಿ!"

ವೆಂಡೆಲ್ ಓರೆನ್‌ನ ಕಡೆ ನೋಡಿದ. ಓರೆನ್ ಫ್ರಿಜ್ಜಿನ ಕಡೆ ನೋಡುತ್ತಿದ್ದ.

"ಕಚ್ಚಬೇಡಿ, ಹಲ್ಲು ಮುರಿಯುತ್ತೆ!" ಹ್ಯಾಟಿ ಸಂದಿಯಿಂದ ಹೊರಗೆ ಬಂದಿದ್ದಳು. "ಅದು ಅಂತರ್ಯುದ್ಧದ ಸಿಪಾಯಿಗಳ ಬಿಸ್ಕತ್ತು. ಬರೀ ಹಿಟ್ಟು, ನೀರು, ಉಪ್ಪು. ಕಲ್ಲಿನ ಹಾಗಿರುತ್ತೆ."

ನಲವತ್ತು ವರ್ಷ ಮಕ್ಕಳ ನಡುವೆ ಕಳೆದ ಹೆಂಗಸು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಹೌದಾ? ಮತ್ತೆ ತಿನ್ನೋದು ಹೇಗಮ್ಮ?"

"ಅವರು ಬಂದೂಕಿನ ಹಿಡಿಯಿಂದ ಕುಟ್ಟುತ್ತಿದ್ರು. ನಮ್ಮತ್ರ ಲಟ್ಟಣಿಗೆ ಇದೆ." ಹ್ಯಾಟಿ ಲಟ್ಟಣಿಗೆ ತಂದು ಎರಡೇಟು ಹಾಕಿ, ಚೂರುಗಳನ್ನು ಟೀಚರ ಕಾಫಿಗೇ ಸುರಿದಳು. "ಈಗ ನೆನೀಬೇಕು. ಬಿಸ್ಕತ್ತಲ್ಲಿ ಹುಳ ಇದ್ರೆ ಮೇಲೆ ತೇಲುತ್ತೆ, ತೆಗೆದು ಹಾಕಿ ಕುಡೀತಿದ್ರು. ಇದರಲ್ಲಿ ಹುಳ ಇಲ್ಲ. ಓರೆನ್ ತರ್ತೀನಿ ಅಂದ, ಅಪ್ಪ ಬೇಡ ಅಂದ್ರು."

"ನಿಮ್ಮಪ್ಪ ಒಳ್ಳೇದು ಮಾಡಿದ. ಅವರು ಯುದ್ಧ ಯಾಕೆ ಮಾಡಿದ್ರು?"

"ಮನುಷ್ಯರನ್ನ ಕೊಳ್ಳಬಾರದು, ಮಾರಬಾರದು ಅಂತ. ಕೆಲವರು ಮಾರ್ತೀವಿ ಅಂದ್ರು. ಅವರಿಂದ ತಪ್ಪಿಸಿಕೊಂಡು ಬಂದ ಗುಲಾಮರು ನಮ್ಮ ನದೀನೂ ದಾಟಿದ್ರು, ಇಲ್ಲೇ." ಅವಳು ಮೇಜಿನ ಮೇಲೆ ಬೆರಳಿನಿಂದ ನದಿಯ ತಿರುವು ಎಳೆದಳು. ಹಿಟ್ಟಿನ ಪಾಠದ ದಿನ ಇವಳು ಬರೀ ಬೆಕ್ಕು ಬರೆಯುತ್ತಾ ಕೂತಿದ್ದಳು ಎಂದೇ ವೆಂಡೆಲ್ ತಿಳಿದಿದ್ದ.

ಮಿಸೆಸ್ ಯೋಸ್ಟ್ ಪೆನ್ನಿನ ಮುಚ್ಚಳ ತೆಗೆದಿದ್ದರು. "ಬೆಂಕಿಯ ಅಪಾಯದ ಪಾಠ ಆಯ್ತೇನೋ ವೆಂಡೆಲ್? ಅದು ಕಾನೂನಲ್ಲೇ ಇದೆ."

ವೆಂಡೆಲ್ ಫೈಲಿನ ಹಾಳೆ ತಿರುವತೊಡಗಿದ. ಅದು ನೆನಪಿಗೇ ಬಂದಿರಲಿಲ್ಲ.

"ಆಯ್ತು!" ಎಂದಳು ಹ್ಯಾಟಿ. "ಮೇಣದಬತ್ತಿ ಮಾಡೋವಾಗ ಅಪ್ಪನ ಅಂಗಿ ತೋಳು ಹೊತ್ತಿಕೊಳ್ತು. ಬೆಂಕಿ ಹೊತ್ಕೊಂಡ್ರೆ ನೆಲದ ಮೇಲೆ ಉರುಳಬೇಕಲ್ಲ, ನಿಲ್ಲು, ಬೀಳು, ಉರುಳು ಅಂತ ನಾನು ಕೂಗಿದೆ. ಅಪ್ಪ ನಿಲ್ಲಲೂ ಇಲ್ಲ, ಬೀಳಲೂ ಇಲ್ಲ. ಕುಣಿದ್ರು. ಆಮೇಲೆ ಸಿಂಕಲ್ಲಿ ಕೈ ಇಟ್ರು. ಅಮ್ಮನಿಗೆ ಹೇಳಬೇಡ ಅಂದಿದ್ದಾರೆ."

"ನಾನೂ ಹೇಳಲ್ಲ," ಎಂದು ಮಿಸೆಸ್ ಯೋಸ್ಟ್ ಬರೆಯತೊಡಗಿದರು. ಬಹಳ ಹೊತ್ತು ಬರೆದರು. ಹ್ಯಾಟಿ ಅವರ ಭುಜದ ಹತ್ತಿರ ನಿಂತು ಒಂದೇ ಸಮನೆ ಮಾತಾಡಿದಳು. ಕೊನೆಗೆ ಸಹಿ ಹಾಕಿ ಪತ್ರವನ್ನು ವೆಂಡೆಲ್ ಕಡೆ ತಳ್ಳಿದರು. "ಮುಂದಿನ ವರ್ಷ ವಾರಕ್ಕೊಂದು ಪುಟ ಬರೆಸು. ತಿನ್ನೋಕೆ ಮೊದಲು."

"ಆಗಲಿ, ಮಿಸೆಸ್ ಯೋಸ್ಟ್."

"ಮತ್ತೆ, ನೀನೂ ಒಂದು ಪುಟ ಬರಿ. ವಾಷಿಂಗ್ಟನ್ ಯಾಕೆ ದೋಣಿ ಹತ್ತಿದ ಅಂತ."

ಹ್ಯಾಟಿ ಅವರನ್ನು ಕಾರಿನ ತನಕ ಬಿಡಲು ಹೋದಳು. ಅಪರಿಚಿತರ ಜೊತೆ, ಅಂಗಳಕ್ಕೆ, ತಾನಾಗಿ. ವೆಂಡೆಲ್‌ಗೆ ಸಿಂಕಿನ ಮುಂದಿನ ಕಿಟಕಿಯಿಂದ ಇಬ್ಬರೂ ಕಾಣುತ್ತಿದ್ದರು. ಆಮೇಲೆ ಆಸ್ಪತ್ರೆಗೆ ಫೋನು ಮಾಡಿದ.

"ಸಹಿ ಆಯ್ತು," ಎಂದ.

ಟ್ರೂಡಿ ಸಹಿಯ ಬಗ್ಗೆ ಕೇಳಲೇ ಇಲ್ಲ. "ಮಾತಾಡಿದ್ಲಾ?"

"ಇನ್ನೂ ಆಡ್ತಿದ್ದಾಳೆ. ಪಾಪ, ಆಯಮ್ಮನಿಗೆ ಕಾರು ಹೊರಡಿಸೋಕೂ ಬಿಡ್ತಿಲ್ಲ."

"ಫೋನು ಇಡಬೇಡ," ಎಂದಳು ಅವಳು. "ಕಿಟಕಿ ಹತ್ತಿರ ಹಿಡಿ."

ಅವನು ಕಿಟಕಿಯ ಗಾಜು ಮೇಲೆತ್ತಿ, ಫೋನು ಹಿಡಿದ ಕೈಯನ್ನು ಉದ್ದಕ್ಕೆ ಹೊರಗೆ ಚಾಚಿದ. ಕೈ ಸೋತಾಗ ಇನ್ನೊಂದು ಕೈಗೆ ಬದಲಾಯಿಸಿದ.