ಇಳಿದ ಮೇಲೆ ಬಾಗಿಲು ತೆಗೆಯುವವರು

ಚಾಮರಾಜಪೇಟೆಯ ವಠಾರವೊಂದರಲ್ಲಿ ತಾಯಿಯೊಡನೆ ವಾಸವಾಗಿದ್ದ ದೇವಯ್ಯನವರ ಉದ್ಯೋಗವೆಂದರೆ, ಮನುಷ್ಯರನ್ನು ಹೊತ್ತ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಒಳಗಿದ್ದವರು ಬೇಯದಂತೆ ನೋಡಿಕೊಳ್ಳುವುದು. ಅಂಥ ನೌಕೆ ಅವರ ಕಚೇರಿಯಲ್ಲಿ ಇರಲಿಲ್ಲ. ಅದನ್ನು ಕಟ್ಟುವ ಇರಾದೆಯೂ ಅಲ್ಲಿ ಯಾರಿಗೂ ಇದ್ದಂತೆ ಕಾಣುತ್ತಿರಲಿಲ್ಲ. ಆದರೆ ಸಮಿತಿಯೊಂದು ತನ್ನ ವರದಿಯ ಕೊನೆಯ ಪುಟದಲ್ಲಿ ‘ಶಾಖರಕ್ಷಣೆಯ ಅಧ್ಯಯನವೂ ಆಗತಕ್ಕದ್ದು’ ಎಂದು ಬರೆದುಬಿಟ್ಟಿತ್ತು. ಆ ಒಂದು ವಾಕ್ಯದಿಂದ ೧೯೮೧ರಲ್ಲಿ ಬಸವನಗುಡಿಯ ಬಾಡಿಗೆ ಬಂಗಲೆಯೊಂದರಲ್ಲಿ ವಿಭಾಗವೊಂದು ಹುಟ್ಟಿತು. ಅದಕ್ಕೊಂದು ಬೀರು, ಎರಡು ಫ್ಯಾನು ಮತ್ತು ದೇವಯ್ಯನವರು ಮಂಜೂರಾದರು.

ದೇವಯ್ಯನವರ ತಂದೆ ಬೇಗ ತೀರಿಕೊಂಡಿದ್ದರು. ತಾಯಿ ಸಿದ್ದಮ್ಮ ತರಗುಪೇಟೆಯ ಮಂಡಿಯಲ್ಲಿ ಇಪ್ಪತ್ತೆರಡು ವರ್ಷ ಬೇಳೆ ಕೇರಿ, ಕಲ್ಲು ಆರಿಸಿ ಮಗನನ್ನು ಇಂಜಿನಿಯರ್ ಮಾಡಿದ್ದರು. ಕಲ್ಲು ಆರಿಸಿದ ಆ ಕಣ್ಣುಗಳಿಗೆ ಈಗ ಪೊರೆ ಬಂದಿತ್ತು. ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಹೂವಿಡಲು ಹೋಗಿ ಪಕ್ಕದ ಕ್ಯಾಲೆಂಡರಿಗೆ ಇಟ್ಟು ಬರುತ್ತಿದ್ದರು. ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಮಾರ್ಚಿ ಹನ್ನೆರಡರ ದಿನ ಗೊತ್ತಾಗಿತ್ತು. ಅಂದು ನೌಕರನ ಅವಲಂಬಿತರೆಂಬ ವೈದ್ಯಕೀಯ ಚೀಟಿ ತರಬೇಕು. ತಪ್ಪಿದರೆ ಮತ್ತೆ ಸರದಿ ಬರುವುದು ದೀಪಾವಳಿ ಕಳೆದ ಮೇಲೆ.

ಎಡವಟ್ಟಾದದ್ದು ಫೆಬ್ರವರಿಯಲ್ಲಿ. ದೇವಯ್ಯನವರು ತಮ್ಮ ಲೆಕ್ಕವನ್ನು ಗಣಕಯಂತ್ರ ಓದುವಂತೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಸಿ, ರಬ್ಬರ್ ಬ್ಯಾಂಡ್ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಲ್ಲೇಶ್ವರದ ಗಣಕ ಕೇಂದ್ರಕ್ಕೆ ಒಯ್ಯುತ್ತಿದ್ದರು. ಆ ಸಲ ಅಲ್ಲಿನ ಕೌಂಟರಿನ ಮಾಯಣ್ಣ, ಕಾರ್ಡುಗಳ ಜೊತೆ ಕೊಡಬೇಕಾದ ಹೊಸ ನಮೂನೆಯ ಅರ್ಜಿಯನ್ನು ವಾಪಸ್ ತಳ್ಳಿದ.

“ಪ್ರಯಾಣಿಕರ ಹೆಸರು ಬಿಟ್ಟಿದೀರಾ ಸಾರ್. ತೂಕ, ಅರ್ಜಿದಾರರಿಗೇನು ಸಂಬಂಧ, ಎಲ್ಲಾ ತುಂಬ್ಬೇಕು.”

“ಪ್ರಯಾಣಿಕರೇ ಇಲ್ಲ ಮಾಯಣ್ಣ. ನೌಕೇನೇ ಇಲ್ಲ.”

“ಅದು ನಿಮ್ಮ ಆಫೀಸಿನ ವಿಷ್ಯ. ಖಾಲಿ ಖಾನೆ ಇದ್ರೆ ನಾನು ತಗೊಳ್ಳಂಗಿಲ್ಲ.”

ದೇವಯ್ಯನವರಿಗೆ ನಿಖರವಾಗಿ ಗೊತ್ತಿದ್ದ ತೂಕ ಜಗತ್ತಿನಲ್ಲಿ ಒಂದೇ ಒಂದು. ಮಂಡಿ ಬಿಡುವ ದಿನ ಗೆಳತಿಯರು ಸಿದ್ದಮ್ಮನವರನ್ನು ಮೂಟೆ ತೂಗುವ ತಕ್ಕಡಿಯ ಮೇಲೆ ಕೂರಿಸಿ, ಗೋಣಿಯ ತೂಕ ಕಳೆದು, ನಲವತ್ತೊಂದು ಕಿಲೋ ಮುನ್ನೂರು ಗ್ರಾಂ ಎಂದು ಘೋಷಿಸಿದ್ದರು. ದೇವಯ್ಯನವರು ಅದನ್ನೇ ಬರೆದರು. ಹೆಸರು: ಸಿದ್ದಮ್ಮ. ಸಂಬಂಧ: ತಾಯಿ.

ಯಂತ್ರ ಮೂರು ಪ್ರತಿ ಮುದ್ರಿಸಿತು. ಲೆಕ್ಕದ ಪ್ರಕಾರ ನೌಕೆಯ ಹೊರಮೈ ಸಾವಿರದ ಏಳುನೂರು ಡಿಗ್ರಿ ಕಾದಿತ್ತು. ರಾಳ ಮತ್ತು ಬೆಂಡಿನ ಕವಚ ನಿರೀಕ್ಷೆಯಂತೆ ಉರಿದು ಉದುರಿತ್ತು. ಆದರೂ ಒಳಗಿನ ಶಾಖ ಎಪ್ಪತ್ತೊಂದಕ್ಕೆ ಏರಿತ್ತು. ಕೊನೆಯ ಸಾಲು: ‘ಸಿದ್ದಮ್ಮ — ನಾಟ್ ಸರ್ವೈವ್ಡ್’.

ಒಂದು ಪ್ರತಿ ದೇವಯ್ಯನವರಿಗೆ, ಒಂದು ನಿರ್ದೇಶಕರಿಗೆ. ನೌಕರರ ಕುಟುಂಬದ ಹೆಸರಿರುವ ಯಾವುದೇ ಕಾಗದ ಸಿಬ್ಬಂದಿ ಶಾಖೆಗೂ ಹೋಗಬೇಕೆಂಬ ಹಳೆಯ ಸುತ್ತೋಲೆಯಂತೆ ಮೂರನೆಯದು ಅಲ್ಲಿಗೆ. ಶಾಖೆಯ ಸೂಪರಿಂಟೆಂಡೆಂಟ್ ತ್ರಿಪುರಸುಂದರಿಯವರು ಸೇವಾ ಪುಸ್ತಕ ತೆಗೆದು, ಹೆಸರನ್ನೂ ಸಂಬಂಧವನ್ನೂ ತಾಳೆ ನೋಡಿ, ಕೆಂಪು ಶಾಯಿಯಲ್ಲಿ ‘ಮೃತ’ ಎಂದು ಬರೆದು, ವೈದ್ಯಕೀಯ ಚೀಟಿಯನ್ನು ರದ್ದು ಮಾಡಿದರು. ಮೂರು ಸಾಲಿನ ಸಂತಾಪಪತ್ರವನ್ನೂ ಕಳಿಸಿದರು.

ಮರುದಿನವೇ ದೇವಯ್ಯನವರು ತಾಯಿಯನ್ನು ಆಟೋದಲ್ಲಿ ಕರೆತಂದು ಶಾಖೆಯ ಮುಂದೆ ನಿಲ್ಲಿಸಿದರು. ತ್ರಿಪುರಸುಂದರಿಯವರು ಎದ್ದು ನಿಂತು ಕುರ್ಚಿ ಕೊಟ್ಟರು, ಕಾಫಿ ತರಿಸಿದರು.

“ನಿಮ್ಮನ್ನ ನೋಡಿ ಸಂತೋಷ ಆಯ್ತಮ್ಮ. ಆದ್ರೆ ನೀವು ಬಂದಿರೋದಕ್ಕೆ ಕಾಗದ ಇಲ್ಲ. ಹೋಗಿರೋದಕ್ಕೆ ಇದೆ.”

“ನಾನು ಎಲ್ಲಿಗೂ ಹೋಗಿಲ್ವಲ್ಲ ತಾಯಿ,” ಎಂದರು ಸಿದ್ದಮ್ಮ.

“ದೇವಯ್ಯನವರೇ, ಇದು ಗಣಕಯಂತ್ರದ ದಾಖಲೆ. ನನ್ನ ಪೆನ್ನಲ್ಲಿ ಹೊಡೆದುಹಾಕೋಕಾಗಲ್ಲ. ಅದೇ ಯಂತ್ರದಿಂದ ಇವರು ಬದುಕಿದಾರೆ ಅಂತ ತನ್ನಿ, ಆ ಕ್ಷಣವೇ ಚೀಟಿ ಬರ್ಕೊಡ್ತೀನಿ.”

“ಸುಮ್ನೆ ಬದುಕಿದಾರೆ ಅಂತ ತೂತು ಹೊಡೆಸಿ ತರ್ಲಾ ಮೇಡಂ?”

“ಸುಳ್ಳು ದಾಖಲೆ ಸೃಷ್ಟಿಸಿದ್ರೆ ಅಮಾನತು. ನಿಮಗೇ ಗೊತ್ತು.”

ಹೀಗೆ, ವಿಭಾಗ ಹುಟ್ಟಿ ಮೂರು ವರ್ಷಗಳಾದ ಮೇಲೆ ದೇವಯ್ಯನವರು ಮೊದಲ ಬಾರಿಗೆ ನಿಜವಾಗಿ ಶಾಖರಕ್ಷಣೆಯ ಕೆಲಸಕ್ಕೆ ಇಳಿದರು. ಕವಚವನ್ನು ದಪ್ಪ ಮಾಡಿದರು. ನೌಕೆ ಭಾರವಾಗಿ ಪ್ಯಾರಾಚೂಟ್ ಹರಿಯಿತು. ತೆಳ್ಳಗೆ ಮಾಡಿದರು, ಸಿದ್ದಮ್ಮ ಸಮುದ್ರದ ಮೇಲೇ ಬೆಂದರು. ರಾಳ ಬದಲಿಸಿದರು, ಇಳಿಯುವ ಕೋನ ಬದಲಿಸಿದರು. ಒಮ್ಮೆ ಕೋನ ಹೆಚ್ಚುಕಡಿಮೆಯಾಗಿ ನೌಕೆ ವಾತಾವರಣಕ್ಕೆ ತಾಗಿ ಚಿಮ್ಮಿ ಹೊರಗೆ ಹೋಯಿತು; ಯಂತ್ರ ಏನನ್ನೂ ಹೇಳದೆ ಬರೀ ಹಾಳೆ ಉಗುಳಿತು. ಪ್ರತಿ ಸಂಜೆ ಅವರು ಚಪ್ಪಲಿ ಬಿಡುವ ಸದ್ದಿಗೇ ಒಳಗಿನಿಂದ ಪ್ರಶ್ನೆ ಬರುತ್ತಿತ್ತು.

“ಇವತ್ತೆಂಗೆ ಸತ್ತೆ ನಾನು?”

“ನೆಲಕ್ಕೆ ಬಡಿದು, ಅವ್ವ.”

“ನಿನ್ನೆದಕ್ಕಿಂತ ವಾಸಿ. ಕೈಕಾಲು ತೊಳ್ಕೊ, ಮುದ್ದೆ ಆರ್ತದೆ.”

ಒಂಬತ್ತನೆಯ ಸಲ ತಾಯಿ ಸತ್ತ ದಿನ ದೇವಯ್ಯನವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದರು. ಮಾರ್ಚಿ ಹನ್ನೆರಡಕ್ಕೆ ನಾಲ್ಕೇ ದಿನ ಉಳಿದಿತ್ತು. ಹಾಳೆಗಳನ್ನು ನೆಲದ ಮೇಲೆ ಹರಡಿ, ನಿಮಿಷ ನಿಮಿಷದ ಶಾಖವನ್ನು ಗಟ್ಟಿಯಾಗಿ ಓದತೊಡಗಿದರು. ಸಿದ್ದಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಬೆರಳಿನಿಂದಲೇ ಕಲ್ಲು ಹುಡುಕುತ್ತಾ ಕೇಳುತ್ತಿದ್ದರು.

“... ನೆಲ ಮುಟ್ಟಿದಾಗ ಮೂವತ್ತೆಂಟು. ಹತ್ತು ನಿಮಿಷಕ್ಕೆ ನಲವತ್ತೇಳು. ಇಪ್ಪತ್ತಕ್ಕೆ ಐವತ್ತೆಂಟು...”

“ತಾಳು. ನೆಲ ಮುಟ್ಟಿದ್ಮೇಲೂ ಯಾಕೆ ಕಾಯ್ತದೆ?”

“ಹೊರಗಿನ ಶಾಖ ಗೋಡೇಲಿ ಕೂತಿರುತ್ತಲ್ಲ ಅವ್ವ. ಒಳಗೆ ಬರೋಕೆ ಹೊತ್ತು ಹಿಡಿಯುತ್ತೆ.”

“ಅಲ್ಲೀತನಕ ನಾನೇನ್ಮಾಡ್ತಿರ್ತೀನಿ?”

“ಕೂತಿರ್ತೀಯ.”

“ಇಳಿದ್ಮೇಲೂ? ಬಾಗ್ಲು ತೆಗೆಯೋರು ಯಾರೂ ಇಲ್ವಾ?”

ದೇವಯ್ಯನವರು ಹಾಳೆಯನ್ನು ನೋಡಿದರು. ನೂರಾ ಎಂಬತ್ತು ಕಾರ್ಡುಗಳಲ್ಲಿ ಗಾಳಿಯ ಸಾಂದ್ರತೆಗೆ ಕಾರ್ಡಿತ್ತು, ಬೆಂಡಿನ ಬೂದಿಗೆ ಕಾರ್ಡಿತ್ತು, ಬಾಗಿಲಿಗೆ ಇರಲಿಲ್ಲ. ಮೊದಲ ಲೆಕ್ಕದಲ್ಲೂ ಈ ಒಂಬತ್ತನೆಯದರಲ್ಲೂ ಅವರ ನೌಕೆ ಸುರಕ್ಷಿತವಾಗಿಯೇ ಇಳಿದಿತ್ತು. ಬಾಗಿಲು ತೆಗೆಯುವವರಿಲ್ಲದೆ ಪ್ರಯಾಣಿಕರು ಒಳಗೇ ಸತ್ತಿದ್ದರು.

ಮರುದಿನ ನೂರಾ ಎಂಬತ್ತೊಂದನೆಯ ಕಾರ್ಡು ಸೇರಿತು: ನೆಲ ಮುಟ್ಟಿದ ಐದನೇ ನಿಮಿಷಕ್ಕೆ ಬಾಗಿಲು ತೆರೆಯತಕ್ಕದ್ದು. ಹಾಳೆ ಹರಿದುಕೊಡುತ್ತಾ ಮಾಯಣ್ಣನೇ ಓದಿದ. “ಸರ್ವೈವ್ಡ್. ಅಮ್ಮಾವ್ರು ಸೌಖ್ಯ ಸಾರ್.”

ತ್ರಿಪುರಸುಂದರಿಯವರು ‘ಮೃತ’ ಎಂಬುದಕ್ಕೆ ಗೆರೆ ಎಳೆದರು. ನೌಕರನ ಅವಲಂಬಿತರು ಪೂರ್ವಾನುಮತಿಯಿಲ್ಲದೆ ಭೂಮಿ ಬಿಟ್ಟದ್ದೇಕೆಂದು ವಿವರಣೆ ಕೇಳಿದರು. ‘ಕಚೇರಿಯ ಕೆಲಸದ ನಿಮಿತ್ತವೇ ಹೋಗಿದ್ದರು’ ಎಂದು ದೇವಯ್ಯನವರು ಬರೆದುಕೊಟ್ಟರು. ಅದು ಸಮರ್ಪಕವೆನಿಸಿ, ಹನ್ನೊಂದರ ಸಂಜೆ ಐದಕ್ಕೆ ಚೀಟಿ ಕೈಗೆ ಬಂತು.

ಹನ್ನೆರಡರಂದು ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಸಿದ್ದಮ್ಮ ಮಗನ ಮುಖವನ್ನು ಬಹಳ ಹೊತ್ತು ನೋಡಿ, ಕೂದಲು ನರೆತದ್ದಕ್ಕೆ ಬೈದು, ಆಮೇಲೆ ಆ ಹಾಳೆಯನ್ನು ತರಲು ಹೇಳಿದರು. ಓದು ಬರದಿದ್ದರೂ ತಮ್ಮ ಹೆಸರಿನ ಸಾಲಿನ ಮೇಲೆ ಬೆರಳಾಡಿಸಿದರು.

“ಬಾಗ್ಲು ತೆಗೆದೋರ ಹೆಸರು ಎಲ್ಲೈತೆ?”

“ಆ ಖಾನೆ ಅರ್ಜೀಲಿ ಇಲ್ಲ ಅವ್ವ.”

“ಹಾಕ್ಸು. ನಿನ್ನ ಹೆಸರೇ ಹಾಕ್ಸು. ಬೇರೆಯೋರು ಐದು ನಿಮಿಷಕ್ಕೆಲ್ಲ ಬರಲ್ಲ.”

ದೇವಯ್ಯನವರು ಮುಂದಿನ ಲೆಕ್ಕದಲ್ಲಿ ಹಾಗೆಯೇ ಮಾಡಿದರು. ಹದಿನೈದು ದಿನಗಳ ಮೇಲೆ ಸಿಬ್ಬಂದಿ ಶಾಖೆಯಿಂದ ಮೆಮೊ ಬಂತು: ತಾವು ಇಪ್ಪತ್ತೇಳರಂದು ಬೆಳಿಗ್ಗೆ ಹನ್ನೊಂದೂಕಾಲಕ್ಕೆ ನೌಕೆಯ ಬಾಗಿಲು ತೆಗೆಯುತ್ತಿದ್ದುದಾಗಿ ದಾಖಲೆಯಿಂದ ತಿಳಿದುಬಂದಿದೆ, ಆ ಹೊತ್ತಿನಲ್ಲಿ ಕಚೇರಿಯಲ್ಲಿ ಇರಲಿಲ್ಲವಾದ್ದರಿಂದ ಅರ್ಧ ದಿನದ ರಜೆ ಕಡಿತಗೊಳಿಸಲಾಗಿದೆ. ಆಕ್ಷೇಪಣೆಯಿದ್ದಲ್ಲಿ ತಿಳಿಸುವುದು.

ಆಕ್ಷೇಪಣೆ ಇಲ್ಲವೆಂದು ಬರೆದು ದೇವಯ್ಯನವರು ಸಹಿ ಹಾಕಿದರು.