ಅಂಟುವಾಳದ ನೀರಲ್ಲಿ ತೊಳೆದ ಕರಿಮಣಿ

ನಾನು ಏನನ್ನೂ ಎಸೆಯುವವಳಲ್ಲ. ಇದು ಹೆಮ್ಮೆಯ ಮಾತಲ್ಲ, ಒಂದು ರೋಗ. ಆವತಿಯಿಂದ ಸ್ವಲ್ಪ ಈಚೆಗಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹುಣಸೆ ಬೀಜ, ಆನೆಗುಲಗಂಜಿ, ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ರೇಷ್ಮೆಗೂಡು, ಎಲ್ಲವೂ ಡಬ್ಬಿಗಳಲ್ಲಿ ತುಂಬಿವೆ. ಅವನ್ನು ಪೋಣಿಸಿ ಸರ, ಓಲೆ ಮಾಡಿ ಮಾರುವುದು ನನ್ನ ಕಸುಬು. ಮಾದರಿಯೆಲ್ಲ ಅಜ್ಜಿಯ ಕಾಲದ ಅಡ್ಡಿಕೆ, ಗುಂಡಿನ ಸರಗಳದ್ದು. ಚಿನ್ನವಿಲ್ಲ, ಪ್ಲಾಸ್ಟಿಕ್ಕೂ ಇಲ್ಲ. "ಕಸ ಪೋಣಿಸ್ತಾಳೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು, ಹೇಳುತ್ತಲೇ ನನ್ನ ಸೂಜಿಗೆ ದಾರ ಹಾಕಿಕೊಡುತ್ತಿದ್ದಳು.

ಹಳೇ ಗಾಜಿನ ಕರಿಮಣಿ ದೊಡ್ಡಬಳ್ಳಾಪುರದ ಬಳೆ ಅಂಗಡಿಯ ಸಾಬರಿಂದ ಬರುತ್ತಿತ್ತು. ಹೊಸ ಮಣಿ ಪೋಣಿಸಿಕೊಂಡ ಹೆಂಗಸರು ಬಿಟ್ಟುಹೋದದ್ದನ್ನು ಅವರು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ನನಗೆಂದು ಇಡುತ್ತಿದ್ದರು. ಅಂಟುವಾಳದ ನೀರಲ್ಲಿ ನೆನೆಹಾಕಿ ತಿಕ್ಕಿದರೆ ತೂತಿನೊಳಗೆ ಕೂತ ಅರಿಶಿನ, ಎಣ್ಣೆ, ಬೆವರು ಬಿಟ್ಟುಕೊಂಡು ನೀರು ಹಳದಿಯಾಗುತ್ತಿತ್ತು. ತೊಳೆದ ಮೇಲೆ ಯಾವುದು ಯಾರದ್ದೆಂದು ದೇವರಿಗೂ ತಿಳಿಯದು.

ಹೋದ ವರ್ಷ ಅಪ್ಪ ತೀರಿಕೊಂಡರು. ಹನ್ನೊಂದನೆಯ ದಿನ ಅಮ್ಮನ ತಾಳಿ ತೆಗೆದರು. ಚಿನ್ನ ಬೀರುವಿಗೆ ಹೋಯಿತು. ಕರಿಮಣಿಯನ್ನು ಅಮ್ಮ ಬಟ್ಟೆಯ ಚೂರಿಗೆ ಕಟ್ಟಿ ನನ್ನ ಕೈಗಿಟ್ಟಳು.

"ಕೆರೆಗೆ ಬಿಟ್ಬಿಡೇ. ಮನೇಲಿ ಇಟ್ಕೋಬಾರ್ದು."

ನಮ್ಮಲ್ಲಿ ಹಾಗೇ. ಕೆರೆ ಏರಿಯವರೆಗೂ ಹೋದೆ, ಮುಷ್ಟಿ ಬಿಚ್ಚಲಾಗಲಿಲ್ಲ. ನಲವತ್ತು ವರ್ಷ ಅಮ್ಮನ ಕತ್ತಿನಲ್ಲಿದ್ದದ್ದು. ದಾರ ಎಷ್ಟೋ ಸಲ ಬದಲಾಗಿತ್ತು, ಮಣಿ ಮಾತ್ರ ಅವೇ. ಹಾಲು ಕುಡಿಯುವಾಗ ನಾನು ಹಿಡಿದು ಜಗ್ಗಿದ ಮಣಿ. ಗಂಟನ್ನು ಹಾಗೇ ತಂದು ಮುಂದಿನ ಕೋಣೆಯ ಒಂದು ಡಬ್ಬಿಯಲ್ಲಿ ಹಾಕಿಟ್ಟೆ. ಅಮ್ಮನಿಗೆ ಹೇಳಲಿಲ್ಲ.

ಬುದ್ಧಿ ಇದ್ದವಳಾಗಿದ್ದರೆ ಬೇರೆಲ್ಲಾದರೂ ಇಡುತ್ತಿದ್ದೆ. ದೀಪಾವಳಿಗೆ ಮುಂಚೆ ಬೆಂಗಳೂರಿನಲ್ಲೊಂದು ಕೈಕಸುಬಿನ ಸಂತೆ, ಮೂರು ದಿನದಲ್ಲಿ ಮೂವತ್ತು ಸರ ಆಗಬೇಕಿತ್ತು. ಇದ್ದಬದ್ದ ಹಳೇ ಮಣಿಯನ್ನೆಲ್ಲ ಬಕೆಟ್ಟಿಗೆ ಸುರಿದೆ. ಅಮ್ಮನ ಗಂಟನ್ನೂ ಸಾಬರ ಗಂಟೆಂದುಕೊಂಡು ನಾನೇ, ಇದೇ ಕೈಯಿಂದ, ಬಿಚ್ಚಿದೆ. ಸಂತೆಯಲ್ಲಿ ಎಲ್ಲ ಸರಗಳೂ ಖರ್ಚಾದವು. ಒಂದೊಂದರ ಚೀಟಿಯಲ್ಲೂ ಚೆಂದದ ಅಕ್ಷರದಲ್ಲಿ ಬರೆದಿದ್ದೆ: 'ಪ್ರತಿ ಮಣಿಗೂ ಒಂದು ಕತೆಯಿದೆ.' ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ವಾರದ ಮೇಲೆ ಖಾಲಿ ಡಬ್ಬಿ ಕಂಡಾಗಲೇ ಗೊತ್ತಾದದ್ದು. ಕೊಂಡವರಲ್ಲಿ ಕೆಲವರ ಫೋನ್ ನಂಬರ್ ಇತ್ತು. ಒಬ್ಬಾಕೆ, ಪಾಪ, ಸರ ವಾಪಸ್ ಕೊಡುತ್ತೇನೆಂದಳು. ತಂದು ಏನು ಮಾಡಲಿ? ಗುರುತನ್ನು ನಾನೇ ತೊಳೆದು ಬಚ್ಚಲಿಗೆ ಚೆಲ್ಲಿದ್ದೆ.

ಸಂಕ್ರಾಂತಿ ಹತ್ತಿರವಿತ್ತು. ಜಗಲಿಯಲ್ಲಿ ಕೂತು ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ಅಮ್ಮ ತಲೆ ಎತ್ತದೆ ಕೇಳಿದಳು:

"ನಂಗೊತ್ತು ಕಣೇ, ನೀನು ಅದನ್ನ ಕೆರೆಗೆ ಬಿಟ್ಟಿರಲ್ಲ. ಹುಣಸೆ ಬೀಜನೇ ಎಸೆಯಲ್ಲ ನೀನು. ಒಂದ್ಸಲ ಕೊಡೇ. ಕೈಲಿ ಹಿಡ್ಕೊಂಡು ಕೊಟ್ಬಿಡ್ತೀನಿ."

ಅಷ್ಟು ನಾಚಿಕೊಂಡು ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ನಿಜ ಹೇಳಬಹುದಿತ್ತು. ಹೇಡಿ ನಾನು.

"ಇಲ್ಲ ಕಣಮ್ಮ, ಅವತ್ತೇ ಬಿಟ್ಬಿಟ್ಟೆ. ನೀನೇ ಹೇಳಿದ್ಯಲ್ಲ."

ಅಮ್ಮನ ಕೈ ಬರಿಗತ್ತಿಗೆ ಹೋಯಿತು. ಅಲ್ಲೇ ಸ್ವಲ್ಪ ತಡಕಾಡಿ ಮತ್ತೆ ಅವರೆಕಾಯಿಗೆ ಬಂತು. "ಒಳ್ಳೇದ್ಮಾಡ್ದೆ ಬಿಡು" ಅಂದಳು. ನಾಲ್ಕು ಕಾಯಿ ಸುಲಿದ ಮೇಲೆ ಕೇಳಿದಳು, "ಯಾವ ಕಡೆ ಬಿಟ್ಟೆ?"

"ತೂಬಿನ ಹತ್ರ."

ಈಗ ಸೋಮವಾರ ಬಂದರೆ ನನ್ನನ್ನು ಕರೆದುಕೊಂಡು ಕೆರೆಗೆ ಹೋಗುತ್ತಾಳೆ. ಸೆರಗಿನ ತುದಿಯಲ್ಲಿ ಚಿಟಿಕೆ ಅರಿಶಿನ ಕಟ್ಟಿಕೊಂಡಿರುತ್ತಾಳೆ. ತೂಬಿನ ಮೆಟ್ಟಿಲಲ್ಲಿ ಕೂತು ಅದನ್ನು ನೀರಿಗೆ ಬಿಟ್ಟು, ಮೋಟರು ಸುಟ್ಟದ್ದು, ಹಸು ಗಬ್ಬ ಆದದ್ದು, ಮನೆಯ ಸುದ್ದಿಯನ್ನೆಲ್ಲ ಅಪ್ಪನಿಗೆ ಹೇಳುತ್ತಾಳೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಅರಿಶಿನ ಬಿಡುವ ಮೊದಲು ಪ್ರತಿ ಸಲವೂ ನನ್ನ ಕಡೆ ತಿರುಗಿ ಕೇಳುತ್ತಾಳೆ:

"ಇಲ್ಲೇ ತಾನೇ?"

"ಇಲ್ಲೇ ಕಣಮ್ಮ."