ಸಾಯದ ಅಣ್ಣನಿಗಾಗಿ ತೆಗೆಸಿದ ಮೀಸೆ

ಸಿಂಧನೂರು–ಲಿಂಗಸುಗೂರು ರಸ್ತೆಯಲ್ಲಿ ಬಸ್ ಓಡಿಸಿ ನಿವೃತ್ತನಾದ ನನ್ನನ್ನು ಮಂಗಳ ಗ್ರಹಕ್ಕೆ ಕಳಿಸಿದವಳು ಮಸ್ಕಿಯ ನಮ್ಮ ಓಣಿಯ ಹುಡುಗಿ. ಲಿಂಗಸುಗೂರಿನ ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಕೆಲಸ ಅವಳದು. ಮಂಗಳದಲ್ಲಿ ಒಬ್ಬನೇ ಉಳಿದ ಮುದುಕನ ಕಥೆಯನ್ನು ಚಿಕ್ಕ ಸಿನಿಮಾ ಮಾಡಬೇಕೆಂದು ಸ್ಟುಡಿಯೋದ ಕ್ಯಾಮೆರಾ ಕೇಳಿ ತಂದಿದ್ದಳು. ಮದುವೆ ಸೀಸನ್ ಶುರುವಾದರೆ ಮತ್ತೆ ಅದು ಅವಳ ಕೈಗೆ ಸಿಗುತ್ತಿರಲಿಲ್ಲ.

ಮಳೆಗೆ ಹೊದಿಸುವ ಬೆಳ್ಳಿ ಬಣ್ಣದ ತಾಡಪತ್ರಿ ಕತ್ತರಿಸಿ ನನಗೆ ಅಂಗಿ ಹೊಲಿಸಿದಳು. ಹತ್ತಿಗೆ ಔಷಧ ಹೊಡೆಯುವ ಸ್ಪ್ರೇಯರ್ ನನ್ನ ಬೆನ್ನೇರಿ ಆಕ್ಸಿಜನ್ ಸಿಲಿಂಡರ್ ಆಯಿತು. ನೀರಿನ ಕ್ಯಾನ್ ಕತ್ತರಿಸಿ ಹೆಲ್ಮೆಟ್ ಮಾಡಿದಳು. ಉಸಿರು ಬಿಟ್ಟರೆ ಒಳಗೆಲ್ಲ ಮಬ್ಬು. ಪ್ರತಿ ಭಾನುವಾರ ಬೆಳಿಗ್ಗೆ ಊರ ಗುಡ್ಡದ ಕೆಂಪು ಬಂಡೆಗಳ ನಡುವೆ ಶೂಟಿಂಗ್; ಕಥೆಯ ಕೊನೆಯೊಂದೇ ಬಾಕಿ ಉಳಿದಿತ್ತು.

"ತಾತಾ, ನಿಮ್ಮ ಈ ಬಿಳಿ ಮೀಸಿ ನೋಡೇ ಕಥಿ ಬರದೀನ್ರೀ," ಅನ್ನುತ್ತಿದ್ದಳು.

ಬಸ್ ಸ್ಟ್ಯಾಂಡಿನ ಚಹಾದ ಹೋಟೆಲಿನಲ್ಲಿ ನನ್ನ ಹಳೆಯ ಗೆಳೆಯರಿಗೆ ಹಬ್ಬವಾಯಿತು.

"ಏ ಡ್ರೈವರ್, ಮಂಗಳಕ್ಕ ಲಾಸ್ಟ್ ಬಸ್ ಎಷ್ಟಕ್ಕೈತಿ?"

"ಮುದುಕಗ ಹುಚ್ಚು ಹಿಡದೈತಲೇ. ಆ ಹುಡುಗಿ ಕುಣಿಸಿದಂಗ ಕುಣ್ಯಾಕತ್ತಾನ."

ನಾನೂ ನಕ್ಕೆ. ಆದರೆ ಆ ಮಾತು ಎದೆಯಲ್ಲಿ ಕೂತಿತು. ಬಿಡುತ್ತೇನೆಂದು ಅವಳಿಗೆ ನೇರವಾಗಿ ಹೇಳುವ ಧೈರ್ಯ ಬರಲಿಲ್ಲ. ನಮ್ಮ ಮನೆತನದಲ್ಲಿ ಅಣ್ಣಂದಿರು ತೀರಿಕೊಂಡರೆ ತಮ್ಮಂದಿರು ಮೀಸೆ ತೆಗೆಯುತ್ತಾರೆ. ಕಟಿಂಗ್ ಅಂಗಡಿಗೆ ಹೋಗಿ ತೆಗೆಸಿಬಿಟ್ಟೆ. ಹೆಂಡತಿಗೆ, ಕಟಿಂಗ್ ಮಾಡುವವನ ಕೈ ಜಾರಿತು ಎಂದೆ. ಹುಡುಗಿಗೆ ಫೋನ್ ಮಾಡಿ, ಪಾಮನಕಲ್ಲೂರಿನ ನಮ್ಮ ದೊಡ್ಡಪ್ಪನ ಮಗ, ನನ್ನ ಅಣ್ಣ, ತೀರಿಹೋದ, ಮೀಸೆ ತೆಗೆಸಬೇಕಾಯಿತು ಎಂದೆ. ಮೀಸೆಯಿಲ್ಲದ ಮುಖ ಇಟ್ಟುಕೊಂಡು ಅವಳಾದರೂ ಏನು ಶೂಟ್ ಮಾಡಿಯಾಳು?

ಅವಳು ನನ್ನನ್ನು ಮಾತಾಡಿಸಿ ಹೋಗಲು ಮನೆಗೇ ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಸಂಜೆ ಬಾಳೆಹಣ್ಣು ಹಿಡಿದು ಬಂದಳು. ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ನನ್ನೆದುರು ನೆಲದ ಮೇಲೆ ಕೂತಳು.

"ಸಿನಿಮಾದ ಚಿಂತಿ ಮಾಡಬ್ಯಾಡ್ರಿ ತಾತಾ. ಹೋಗ್ಲಿ ಬಿಡ್ರಿ. ಮೊದ್ಲ ನೀವು ಊಟ ಮಾಡ್ರಿ."

ಒಳಗಿನಿಂದ ಬಂದ ನನ್ನ ಹೆಂಡತಿ ಗಾಬರಿಯಾದಳು. "ಯಾರಿಗೇನಾತವ್ವಾ?"

"ಪಾಮನಕಲ್ಲೂರು ದೊಡ್ಡ ತಾತ..."

"ಅವರಾ? ಈಗರ ಫೋನ್ ಮಾಡಿದ್ರಲ್ಲ, ಉಳ್ಳಾಗಡ್ಡಿ ಕಳಸ್ತೀನಿ ಅಂತ!"

"ಸುಳ್ಳು ಹೇಳೀನವ್ವಾ," ಎಂದೆ. "ಹೋಟ್ಲದಾಗ ಮಂದಿ ನಗ್ತಾರಂತ ನಾನಾ ತೆಗೆಸೀನಿ."

ಅವಳು ತಲೆಯ ಮೇಲಿನ ದುಪಟ್ಟಾ ಸರಿಸಿದಳು.

"ನಿಮಗ ನಕ್ಕಾರ. ಹುಡುಗಿ ಕ್ಯಾಮೆರಾ ಹೊತ್ಕೊಂಡು ಗುಡ್ಡ ಹತ್ತಿದ್ರ ನನಗೇನಂತಾರ, ಯಾವತ್ತರ ಕೇಳೀರೇನು?"

ಕೇಳಿದ್ದೆ. ಅದೇ ಹೋಟೆಲಿನಲ್ಲಿ ಕೇಳಿದ್ದೆ. ಕೇಳಿಯೂ ಚಹಾ ಕುಡಿದು ಎದ್ದು ಬಂದಿದ್ದೆ. ಸುಳ್ಳಿಗಿಂತ ಅದು ದೊಡ್ಡ ತಪ್ಪೆಂದು ಆಗ ತಿಳಿಯಿತು.

"ಈ ಭಾನುವಾರ ಬರ್ತೀನಿ. ಹೆಂಗರ ಮಾಡಿ ಮುಗಸವ್ವಾ," ಎಂದೆ. ಅವಳು ಬಾಳೆಹಣ್ಣು ಅಲ್ಲೇ ಬಿಟ್ಟು ಎದ್ದು ಹೋದಳು.

ಭಾನುವಾರ ಗುಡ್ಡದ ಮೇಲೆ ಕಥೆಯ ಕೊನೆ ಬದಲಾಗಿತ್ತು. ಭೂಮಿಯಲ್ಲಿ ಯಾರೂ ಉಳಿದಿಲ್ಲವೆಂದು ಮುದುಕನಿಗೆ ವೈರ್‌ಲೆಸ್‌ನಲ್ಲಿ ತಿಳಿಯುತ್ತದೆ.

"ಅವರಿಗೆಲ್ಲ ನೀವೊಬ್ರ ಉಳಿದೋರು. ಮೀಸಿ ತೆಗೀಬೇಕಲ್ರೀ?" ಎಂದು ಕೈಗೆ ರೇಜರ್ ಕೊಟ್ಟಳು. "ಅಳಬ್ಯಾಡ್ರಿ. ಈಗರ ಮೀಸಿ ತೆಗದಂಗ ಅದನ್ನ ಹಿಡ್ಕೊಂಡು ಸುಮ್ನ ಕುಂದರ್ರಿ."

ಬಂಡೆಯ ಮೇಲೆ ಕೂತೆ. ಅಳು ತಡೆದುಕೊಳ್ಳಲಾಗಲಿಲ್ಲ. ಅವಳು ಕ್ಯಾಮೆರಾ ನಿಲ್ಲಿಸಲಿಲ್ಲ.

ಸಿನಿಮಾ ಮುಗಿಯಿತು. ಮೊಬೈಲಿನಲ್ಲಿ ನೋಡಿದವರು ಆ ಕೊನೆಯನ್ನೇ ಹೊಗಳುತ್ತಾರೆ. ಈಗ ಅವಳು ಎರಡನೆಯದನ್ನು ಶುರು ಮಾಡಿದ್ದಾಳೆ. ಅದರಲ್ಲಿ ನನಗೆ ಪಾತ್ರವಿಲ್ಲ. ಕ್ಯಾಮೆರಾದ ಸ್ಟ್ಯಾಂಡ್ ಹೊತ್ತುಕೊಂಡು ಬರಲೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಬರ್ರಿ," ಅಂದಳು. "ಲಗೂನ ಬರ್ರಿ, ಬಿಸ್ಲಾಕ್ಕೈತಿ."